ಪಾನ್ ದೆ ಮುಯೆರ್ತೊ: ಮೆಕ್ಸಿಕೋದ ಹಿರಿಯರ ಹಬ್ಬದ ಸಿಹಿ ರೊಟ್ಟಿ

ಮೆಕ್ಸಿಕೋ ದೇಶದಲ್ಲಿ ಪ್ರತಿವರ್ಷ ನವೆಂಬರ್ 1 ಮತ್ತು 2ರಂದು ‘ದಿಯಾ ದೆ ಮುಯೆರ್ತೊಸ್’, ಅಂದರೆ ಮೃತರ ದಿನ ಎಂಬ ಹಬ್ಬ ಜರುಗುತ್ತದೆ. ಅಗಲಿದವರು ವರ್ಷಕ್ಕೊಮ್ಮೆ ತಮ್ಮ ಮನೆಗೆ ಮರಳಿ ಬರುತ್ತಾರೆ ಎಂಬ ನಂಬಿಕೆಯಿಂದ ಅವರಿಗಾಗಿ ಮನೆಮನೆಯಲ್ಲಿ ಎಡೆ ಸಿದ್ಧವಾಗುತ್ತದೆ. ಆ ಎಡೆಯ ಮುಖ್ಯ ತಿನಿಸುಗಳಲ್ಲಿ ಒಂದಾದ ಸಿಹಿ ರೊಟ್ಟಿಯೇ ‘ಪಾನ್ ದೆ ಮುಯೆರ್ತೊ’. ಮೈದಾ, ಬೆಣ್ಣೆ, ಮೊಟ್ಟೆ, ಸಕ್ಕರೆಗಳಿಂದ ಮಾಡಿ, ಕಿತ್ತಳೆಯ ಪರಿಮಳ ಸೇರಿಸಿ, ಮೇಲೆ ಮೂಳೆಯ ಆಕಾರದ ಹಿಟ್ಟಿನ ಪಟ್ಟಿಗಳನ್ನಿಟ್ಟು ಬೇಯಿಸುವ ಗುಂಡನೆಯ ರೊಟ್ಟಿ ಇದು.

ಸ್ಪ್ಯಾನಿಷ್ ಭಾಷೆಯಲ್ಲಿ ‘ಪಾನ್’ ಎಂದರೆ ರೊಟ್ಟಿ, ‘ಮುಯೆರ್ತೊ’ ಎಂದರೆ ಸತ್ತವನು. ಈ ‘ಪಾನ್’ ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮಗೆ ತೀರ ಅಪರಿಚಿತವಲ್ಲ. ಲ್ಯಾಟಿನ್ ಭಾಷೆಯ ‘ಪಾನಿಸ್’ ಎಂಬ ಒಂದೇ ಬೇರಿನಿಂದ ಸ್ಪ್ಯಾನಿಷಿನ ‘ಪಾನ್’ ಹುಟ್ಟಿತು, ಪೋರ್ಚುಗೀಸರ ರೊಟ್ಟಿಯ ಹೆಸರೂ ಹುಟ್ಟಿತು. ಆ ಪೋರ್ಚುಗೀಸ್ ಪದವೇ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಇಂದು ನಾವು ಬೇಕರಿಯಲ್ಲಿ ಕೊಳ್ಳುವ ‘ಪಾವ್’ ಆಗಿದೆ.

ಹಬ್ಬದ ಹಿನ್ನೆಲೆ

ಕ್ರೈಸ್ತ ಪಂಚಾಂಗದಲ್ಲಿ ನವೆಂಬರ್ 1 ಸಕಲ ಸಂತರ ದಿನ, ನವೆಂಬರ್ 2 ಸಕಲ ಆತ್ಮಗಳ ದಿನ. ಮೆಕ್ಸಿಕೋದ ರೂಢಿಯಂತೆ ಮೊದಲನೆಯ ದಿನ ಬಾಲ್ಯದಲ್ಲಿಯೇ ತೀರಿಕೊಂಡ ಮಕ್ಕಳಿಗೆ, ಎರಡನೆಯ ದಿನ ದೊಡ್ಡವರಿಗೆ ಮೀಸಲು. ಮನೆಯಲ್ಲಿ ಹಾಕುವ ಎಡೆಯ ಪೀಠಕ್ಕೆ ‘ಒಫ್ರೆಂದಾ’ ಎಂದು ಹೆಸರು. ಅಗಲಿದವರ ಭಾವಚಿತ್ರ, ಮೇಣದ ಬತ್ತಿ, ಒಂದು ಲೋಟ ನೀರು, ಉಪ್ಪು, ಹಣ್ಣು, ‘ಕೋಪಾಲ್’ ಎಂಬ ಮರದ ಅಂಟಿನ ಧೂಪ, ಅವರು ಬದುಕಿದ್ದಾಗ ಇಷ್ಟಪಡುತ್ತಿದ್ದ ಊಟ ತಿಂಡಿಗಳು ಮತ್ತು ಈ ರೊಟ್ಟಿ ಅಲ್ಲಿರುತ್ತವೆ. ಬಂದವರು ಪದಾರ್ಥದ ಪರಿಮಳವನ್ನು ಮಾತ್ರ ಸ್ವೀಕರಿಸುತ್ತಾರೆ ಎಂಬುದು ನಂಬಿಕೆ. ಉಳಿದುದನ್ನು ಮನೆಯವರೂ ನೆರೆಹೊರೆಯವರೂ ಹಂಚಿಕೊಂಡು ತಿನ್ನುತ್ತಾರೆ.

ಪೀಠವನ್ನು ತುಂಬುವ ಹೂವು ಚೆಂಡುಹೂವು. ಅದರ ಮೂಲ ನೆಲೆಯೇ ಮೆಕ್ಸಿಕೋ. ಅಲ್ಲಿಯ ನಹುವಾತ್ಲ್ ಭಾಷೆಯಲ್ಲಿ ಅದಕ್ಕೆ ‘ಇಪ್ಪತ್ತರ ಹೂವು’ ಎಂಬರ್ಥದ ಹೆಸರಿದೆ. ಯುರೋಪಿನವರ ಹಡಗುಗಳು ಸಾಗರ ದಾಟಿಸಿದ ಈ ಹೂವು ನಮ್ಮ ದಸರೆ ದೀಪಾವಳಿಗಳ ತೋರಣದಲ್ಲಿ ಎಷ್ಟು ಬೆರೆತುಹೋಗಿದೆಯೆಂದರೆ, ಅದು ಪರದೇಶದ್ದೆಂದು ಹೇಳಿದರೆ ನಮ್ಮ ಮನೆಯ ಹಿರಿಯರು ನಂಬಲಾರರು.

ಭಾದ್ರಪದ ಬಹುಳದ ಪಿತೃಪಕ್ಷದಲ್ಲಿ ನಾವೂ ಹಿರಿಯರಿಗೆ ಎಡೆ ಇಡುತ್ತೇವೆ, ಅವರಿಗೆ ಪ್ರಿಯವಾದುದನ್ನು ನೆನೆದು ಅಡುಗೆ ಮಾಡುತ್ತೇವೆ. ಆದರೆ ನಮ್ಮಲ್ಲಿ ಆ ದಿನಗಳು ಶುಭಕಾರ್ಯಗಳಿಗೆ ವರ್ಜ್ಯ. ಮೆಕ್ಸಿಕೋದಲ್ಲಾದರೋ ಹಾಡು, ಹಾಸ್ಯ, ಸಕ್ಕರೆಯ ತಲೆಬುರುಡೆಗಳು, ಬಣ್ಣದ ಕಾಗದದ ತೋರಣಗಳು ಎಲ್ಲವೂ ಉಂಟು. 1962ರಿಂದ 1968ರವರೆಗೆ ದೆಹಲಿಯಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ, 1990ರ ನೊಬೆಲ್ ಪುರಸ್ಕೃತ ಒಕ್ತಾವಿಯೊ ಪಾಸ್ ಅವರು 1950ರ ತಮ್ಮ ಪ್ರಸಿದ್ಧ ಪ್ರಬಂಧ ಗ್ರಂಥದಲ್ಲಿ ಈ ಹಬ್ಬದ ಕುರಿತಾಗಿಯೇ ಒಂದು ಅಧ್ಯಾಯವನ್ನು ಬರೆದಿದ್ದಾರೆ. ಯುನೆಸ್ಕೊ ಸಂಸ್ಥೆಯು 2008ರಲ್ಲಿ ಈ ಆಚರಣೆಯನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ರೊಟ್ಟಿಯ ಚರಿತ್ರೆ

ಈ ರೊಟ್ಟಿ ಪ್ರಾಚೀನ ನರಬಲಿಯ ಅವಶೇಷವೆಂಬ ಕಥೆಯೊಂದು ಬಹಳ ಪ್ರಚಾರದಲ್ಲಿದೆ. ಅದನ್ನು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ. 1521ರಲ್ಲಿ ಸ್ಪೇನಿನವರು ಅಸ್ತೆಕರ ರಾಜಧಾನಿಯನ್ನು ಗೆಲ್ಲುವುದಕ್ಕೆ ಮುನ್ನ ಆ ನಾಡಿನಲ್ಲಿ ಗೋಧಿಯ ಬೆಳೆಯೇ ಇರಲಿಲ್ಲ. ಹಸುವಿನ ಹಾಲಿನ ಬೆಣ್ಣೆ, ಕಬ್ಬಿನ ಸಕ್ಕರೆ, ಕಿತ್ತಳೆ ಇವೂ ಹೊರಗಿನಿಂದ ಬಂದವೇ. ಆದ್ದರಿಂದ ಈಗಿನ ರೂಪದ ರೊಟ್ಟಿ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಸ್ಪೇನಿನ ಕ್ರೈಸ್ತರಲ್ಲಿ ಮೃತರ ಆತ್ಮಶಾಂತಿಗಾಗಿ ರೊಟ್ಟಿಯನ್ನು ಅರ್ಪಿಸುವ ಪದ್ಧತಿ ಮೊದಲೇ ಇದ್ದಿತು.

ಸ್ಥಳೀಯರ ಪಾಲು ಇದರಲ್ಲಿಲ್ಲವೆಂದು ಇದರಿಂದ ಅರ್ಥವಲ್ಲ. ರಾಜಗಿರಿ ಕಾಳಿನ ಹಿಟ್ಟಿಗೆ ಸಿಹಿ ಪಾಕ ಸೇರಿಸಿ ದೇವತಾಮೂರ್ತಿಗಳನ್ನು ಮಾಡಿ, ಪೂಜಿಸಿ, ಬಳಿಕ ಮುರಿದು ಹಂಚಿ ತಿನ್ನುವ ಆಚರಣೆ ಅಸ್ತೆಕರಲ್ಲಿ ಇದ್ದುದನ್ನು 16ನೆಯ ಶತಮಾನದ ಪಾದ್ರಿ ಬೆರ್ನಾರ್ದಿನೊ ದೆ ಸಹಗೂನ್ ದಾಖಲಿಸಿದ್ದಾರೆ. ಮೃತರಿಗೆ ಮೀಸಲಾದ ಹಬ್ಬಗಳೂ ಅವರಲ್ಲಿದ್ದವು. ಎರಡು ಸಂಪ್ರದಾಯಗಳು ಕೂಡಿದ ಕಡೆ ಈ ರೊಟ್ಟಿ ರೂಪುಗೊಂಡಿತೆನ್ನುವುದು ಸಮಂಜಸ. ಏಕಾದಶಿಯ ಉಪವಾಸಕ್ಕೆ ಮುಂಬಯಿಯಲ್ಲಿ ನಾವು ತಿನ್ನುವ ರಾಜಗಿರಿ ಲಾಡುವಿನ ಸೋದರನಂತಿರುವ ‘ಅಲೆಗ್ರಿಯಾ’ ಎಂಬ ಸಿಹಿ ಇಂದಿಗೂ ಮೆಕ್ಸಿಕೋದಲ್ಲಿ ಮಾರಾಟವಾಗುತ್ತದೆ.

ಆಕಾರ, ಅರ್ಥ ಮತ್ತು ಪ್ರಾಂತಭೇದ

ರಾಜಧಾನಿ ಮೆಕ್ಸಿಕೋ ನಗರ ಮತ್ತು ಸುತ್ತಲಿನ ಪ್ರದೇಶದ ರೊಟ್ಟಿ ಗುಂಡಗಿರುತ್ತದೆ. ಅಡ್ಡಡ್ಡವಾಗಿ ಇಟ್ಟ ಪಟ್ಟಿಗಳು ಮೂಳೆಗಳನ್ನೂ, ನಡುವಿನ ಉಂಡೆ ತಲೆಬುರುಡೆಯನ್ನೂ ಸೂಚಿಸುತ್ತವೆ. ಆ ಉಂಡೆಯನ್ನು ಕಣ್ಣೀರ ಹನಿಯೆಂದು, ನಾಲ್ಕು ಪಟ್ಟಿಗಳನ್ನು ನಾಲ್ಕು ದಿಕ್ಕುಗಳೆಂದು ವಿವರಿಸುವವರೂ ಇದ್ದಾರೆ. ದಕ್ಷಿಣದ ಓಅಹಾಕಾ ಪ್ರಾಂತದಲ್ಲಿ ಮೊಟ್ಟೆಯ ಹಳದಿ ಭಾಗ ಹೆಚ್ಚಾಗಿ ಹಾಕಿದ ರೊಟ್ಟಿಯ ತಲೆಯ ಮೇಲೆ ಬಣ್ಣ ಬಳಿದ ಪುಟ್ಟ ಮುಖವೊಂದನ್ನು ನೆಡುತ್ತಾರೆ. ಪುಎಬ್ಲಾದಲ್ಲಿ ಎಳ್ಳು ಉದುರಿಸುವುದುಂಟು. ಇನ್ನು ಕೆಲವೆಡೆ ಕೈಕಟ್ಟಿ ಮಲಗಿದ ಮನುಷ್ಯಾಕೃತಿಯನ್ನೇ ಹಿಟ್ಟಿನಲ್ಲಿ ತಿದ್ದುತ್ತಾರೆ. ಜೊತೆಗೆ ಕುಡಿಯಲು ಬಿಸಿ ಚಾಕೊಲೇಟ್, ಇಲ್ಲವೆ ಮೆಕ್ಕೆಜೋಳದ ಹಿಟ್ಟಿನ ಗಂಜಿಯಾದ ‘ಅತೋಲೆ’.

ಬೇಕಾಗುವ ಸಾಮಗ್ರಿ (ಎರಡು ಮಧ್ಯಮ ಗಾತ್ರದ ರೊಟ್ಟಿಗಳಿಗೆ)

ಮೈದಾ ಹಿಟ್ಟು: 500 ಗ್ರಾಂ
ಸಕ್ಕರೆ: 100 ಗ್ರಾಂ, ಮೇಲೆ ಉದುರಿಸಲು ಬೇರೆ 50 ಗ್ರಾಂ
ಇನ್‌ಸ್ಟಂಟ್ ಯೀಸ್ಟ್: 8 ಗ್ರಾಂ
ಉಪ್ಪು: ಮುಕ್ಕಾಲು ಚಹಾ ಚಮಚ
ಮೊಟ್ಟೆ: 3
ಉಗುರುಬೆಚ್ಚಗಿನ ಹಾಲು: 150 ಮಿ.ಲೀ.
ಮೆದುವಾದ ಬೆಣ್ಣೆ: 120 ಗ್ರಾಂ, ಮೇಲೆ ಸವರಲು ಬೇರೆ 30 ಗ್ರಾಂ
ಎರಡು ಕಿತ್ತಳೆಯ ಸಿಪ್ಪೆಯ ತುರಿ
ಸೋಂಪು: 1 ಚಹಾ ಚಮಚ
ಕಿತ್ತಳೆ ಹೂವಿನ ನೀರು: 1 ಊಟದ ಚಮಚ (ಸಿಕ್ಕರೆ)

ಕಿತ್ತಳೆ ಹೂವಿನ ನೀರು ಎಲ್ಲ ಕಡೆ ದೊರೆಯದು. ಅದಿಲ್ಲದಿದ್ದರೆ ಸಿಪ್ಪೆಯ ತುರಿಯನ್ನೇ ತುಸು ಹೆಚ್ಚಿಸಿದರೆ ಸಾಕು. ಸಿಪ್ಪೆಯ ಹೊರಗಿನ ಬಣ್ಣದ ಪದರವನ್ನಷ್ಟೇ ತುರಿಯಬೇಕು, ಒಳಗಿನ ಬಿಳಿಯ ಭಾಗ ಕಹಿ.

ಮಾಡುವ ವಿಧಾನ

1. ಅಗಲವಾದ ಪಾತ್ರೆಯಲ್ಲಿ ಮೈದಾ, ಸಕ್ಕರೆ, ಯೀಸ್ಟ್, ಉಪ್ಪು, ಸೋಂಪು, ಕಿತ್ತಳೆ ತುರಿ ಇವನ್ನು ಬೆರೆಸಿ. ಕಲಕಿದ ಮೊಟ್ಟೆ, ಹಾಲು, ಹೂವಿನ ನೀರು ಸೇರಿಸಿ ಕಲಸಿ 8ರಿಂದ 10 ನಿಮಿಷ ನಾದಿ. ಹಾಲು ಬೆರಳಿಗೆ ಹಿತವಾಗಿರುವಷ್ಟೇ ಬೆಚ್ಚಗಿರಲಿ, ಹೆಚ್ಚು ಬಿಸಿಯಾದರೆ ಯೀಸ್ಟ್ ಸಾಯುತ್ತದೆ.

2. ಹಿಟ್ಟಿಗೆ ಜಿಗುಟು ಬಂದ ಮೇಲೆ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಮತ್ತೆ 10 ನಿಮಿಷ ನಾದಿ. ಜಿಡ್ಡು ಮೊದಲೇ ಬೆರೆತರೆ ಹಿಟ್ಟಿನ ಎಳೆ ಸರಿಯಾಗಿ ಕೂಡುವುದಿಲ್ಲ, ಬೆಣ್ಣೆಯನ್ನು ಕೊನೆಗೆ ಹಾಕುವುದು ಆ ಕಾರಣಕ್ಕಾಗಿ. ಹಿಟ್ಟು ಹೋಳಿಗೆಯ ಕಣಕದಂತೆ ನುಣುಪಾಗಿ, ಎಳೆದರೆ ಹರಿಯದೆ ಹಿಗ್ಗುವಂತಿರಬೇಕು. ಕೈಗೆ ಅಂಟುತ್ತದೆಂದು ಮೈದಾ ಸುರಿಯುತ್ತ ಹೋಗಬಾರದು, ರೊಟ್ಟಿ ಗಟ್ಟಿಯಾಗುತ್ತದೆ.

3. ಒದ್ದೆ ಬಟ್ಟೆ ಮುಚ್ಚಿ ಹಿಟ್ಟು ಎರಡರಷ್ಟು ಉಬ್ಬುವವರೆಗೆ ಬಿಡಿ. ಸಕ್ಕರೆ, ಬೆಣ್ಣೆಗಳ ಭಾರದಿಂದ ಈ ಹಿಟ್ಟು ಸಾಮಾನ್ಯ ಪಾವಿನ ಹಿಟ್ಟಿಗಿಂತ ನಿಧಾನವಾಗಿ ಉಬ್ಬುತ್ತದೆ. ಒಂದೂವರೆಯಿಂದ ಎರಡು ಗಂಟೆ ಬೇಕಾದೀತು. ಮುಂಬಯಿ, ಚೆನ್ನೈಗಳ ಸೆಕೆಯಲ್ಲಿ ಬೇಗ, ದೆಹಲಿಯ ನವೆಂಬರ್ ಚಳಿಯಲ್ಲಿ ತಡವಾಗಿ ಆಗುವುದರಿಂದ ಗಡಿಯಾರಕ್ಕಿಂತ ಹಿಟ್ಟಿನ ಗಾತ್ರವನ್ನು ನೋಡುವುದು ಮೇಲು.

4. ಹಿಟ್ಟಿನ ನಾಲ್ಕನೆಯ ಒಂದು ಭಾಗವನ್ನು ಮೂಳೆಗಳಿಗಾಗಿ ತೆಗೆದಿಡಿ. ಉಳಿದುದನ್ನು ಎರಡು ಉಂಡೆ ಮಾಡಿ ತಟ್ಟೆಯ ಮೇಲಿಟ್ಟು ತುಸು ಅದುಮಿ. ತೆಗೆದಿಟ್ಟ ಭಾಗಕ್ಕೆ ಒಂದು ಚಮಚ ಮೈದಾ ಸೇರಿಸಿ ಗಟ್ಟಿ ಮಾಡಿಕೊಂಡರೆ ಬೇಯುವಾಗ ಆಕಾರ ಕೆಡುವುದಿಲ್ಲ. ಅದನ್ನು ಹುರಿಯಂತೆ ಹೊಸೆದು, ಬೆರಳುಗಳನ್ನು ಅಗಲಿಸಿ ಒತ್ತುತ್ತ ಉರುಳಿಸಿದರೆ ನಡುನಡುವೆ ಗಂಟುಗಳು ಮೂಡಿ ಮೂಳೆಯಂತೆ ಕಾಣುತ್ತದೆ. ಪ್ರತಿ ರೊಟ್ಟಿಗೂ ಎರಡು ಪಟ್ಟಿಗಳನ್ನು ಅಡ್ಡಡ್ಡವಾಗಿ ಹಾಕಿ, ನಡುವೆ ಪುಟ್ಟ ಉಂಡೆಯನ್ನು ಹಾಲಿನಿಂದ ಅಂಟಿಸಿ.

5. ಮತ್ತೆ 45 ನಿಮಿಷದಿಂದ ಒಂದು ಗಂಟೆ ಉಬ್ಬಲು ಬಿಟ್ಟು, ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25ರಿಂದ 30 ನಿಮಿಷ ಬೇಯಿಸಿ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ತಳವನ್ನು ತಟ್ಟಿದಾಗ ಟೊಳ್ಳಾದ ಸದ್ದು ಬಂದರೆ ಬೆಂದಿದೆ ಎಂದು ತಿಳಿಯಬಹುದು.

6. ಬಿಸಿ ತುಸು ಆರಿದ ಮೇಲೆ ಕರಗಿಸಿದ ಬೆಣ್ಣೆ ಸವರಿ ಸಕ್ಕರೆ ಉದುರಿಸಿ. ಬೆಣ್ಣೆ ಒಣಗುವ ಮೊದಲೇ ಸಕ್ಕರೆ ಹಾಕಬೇಕು, ಇಲ್ಲವಾದರೆ ಅಂಟಿಕೊಳ್ಳುವುದಿಲ್ಲ.

ಮೊಟ್ಟೆ ಬಳಸದವರಿಗೆ

ನಮ್ಮ ಅನೇಕ ಮನೆಗಳಲ್ಲಿ ಮೊಟ್ಟೆ ಸಲ್ಲದು. ಮೂರು ಮೊಟ್ಟೆಗಳ ಬದಲು 100 ಗ್ರಾಂ ಹುಳಿಯಿಲ್ಲದ ಮೊಸರು ಮತ್ತು 40 ಮಿ.ಲೀ. ಹೆಚ್ಚುವರಿ ಹಾಲು ಹಾಕಬಹುದು. ನಾವು ಮನೆಯಲ್ಲಿ ಈ ರೀತಿಯಾಗಿಯೇ ಮಾಡುತ್ತೇವೆ. ಬಣ್ಣ ಸ್ವಲ್ಪ ಬಿಳಿಚಾದರೂ ಮೆದುತನಕ್ಕೆ ಕೊರತೆಯಿಲ್ಲ. ಎರಡನೆಯ ದಿನಕ್ಕೆ ರೊಟ್ಟಿ ಒಣಗತೊಡಗುತ್ತದೆ, ಆಗ ಹೋಳು ಮಾಡಿ ಕಾವಲಿಯ ಮೇಲೆ ಬೆಚ್ಚಗೆ ಮಾಡಿ ತಿನ್ನಬಹುದು. ನಮ್ಮ ಶ್ರಾದ್ಧದ ಎಡೆಗೆ ಇದು ಸಲ್ಲುವುದೆಂದು ಯಾರೂ ತಿಳಿಯಬಾರದು. ಪ್ರತಿ ನೆಲದ ಹಿರಿಯರಿಗೂ ಅವರವರ ರುಚಿಯೇ ಪ್ರಿಯ.

ಮನೆಯ ಒಲೆ ಮತ್ತು ಮಾರುಕಟ್ಟೆ

ಮೆಕ್ಸಿಕೋದ ನಗರಗಳಲ್ಲಿ ಈಗ ಈ ರೊಟ್ಟಿ ಹಬ್ಬಕ್ಕೆ ವಾರಗಳ ಮೊದಲೇ ದೊಡ್ಡ ಅಂಗಡಿಗಳಲ್ಲಿ ಬಂದು ಕೂಡುತ್ತದೆ. ಕ್ರೀಮು, ಚಾಕೊಲೇಟು ತುಂಬಿದ ಬಗೆಗಳೂ ಉಂಟು. 2015ರ ಜೇಮ್ಸ್ ಬಾಂಡ್ ಚಲನಚಿತ್ರದಲ್ಲಿ ಕಲ್ಪಿಸಿ ತೋರಿಸಿದ್ದ ಮೆರವಣಿಗೆಯನ್ನು ನೋಡಿ 2016ರಿಂದ ರಾಜಧಾನಿಯಲ್ಲಿ ನಿಜವಾದ ಮೆರವಣಿಗೆಯೇ ಆರಂಭವಾಯಿತು. ಹಬ್ಬವು ಪ್ರವಾಸಿಗರ ನೋಟಕ್ಕಾಗಿ ಉಳಿದು ಮನೆಯಿಂದ ಜಾರಿಹೋದೀತೆಂಬ ಆತಂಕ ಅಲ್ಲಿಯವರಿಗಿದೆ. ಅದು ನಿರಾಧಾರವೆನ್ನಲಾಗದು.

ಆದರೆ 2020ರ ವರ್ಷ ಬೇರೊಂದು ಮಾತನ್ನು ಹೇಳಿತು. ಕೊರೊನಾ ಪಿಡುಗಿನಿಂದಾಗಿ ಆ ವರ್ಷ ಮೆಕ್ಸಿಕೋ ನಗರವೂ ಸೇರಿದಂತೆ ಅನೇಕ ಕಡೆಗಳಲ್ಲಿ ಸ್ಮಶಾನಗಳ ಬಾಗಿಲು ಮುಚ್ಚಿತ್ತು. ಸರಕಾರ ಅಕ್ಟೋಬರ್ 31ರಿಂದ ಮೂರು ದಿನಗಳ ರಾಷ್ಟ್ರೀಯ ಶೋಕವನ್ನು ಘೋಷಿಸಿತು. ಕೊನೆಯ ಬಾರಿ ಮುಖ ನೋಡಲಾಗದೆ, ಸಮಾಧಿಯ ಬಳಿ ಕೂರಲಾಗದೆ ಉಳಿದ ಕುಟುಂಬಗಳಿಗೆ ಮನೆಯ ಪೀಠ, ಒಂದು ಭಾವಚಿತ್ರ ಮತ್ತು ಒಂದು ರೊಟ್ಟಿ ಇಷ್ಟೇ ಉಳಿದಿದ್ದವು. ಅದೇ ಕಾಲದಲ್ಲಿ ಊರಿಗೆ ಹೋಗಿ ತಂದೆ ತಾಯಿಯರ ಉತ್ತರಕ್ರಿಯೆ ಮಾಡಲಾಗದೆ ಪರಸ್ಥಳದ ಮನೆಗಳಲ್ಲಿ ಕಣ್ಣೀರಿಟ್ಟ ಕನ್ನಡಿಗರನ್ನು ನಾವೂ ಕಂಡಿದ್ದೇವೆ. ಊರಿನಿಂದ ದೂರ ನೆಲೆಸಿದವರಿಗೆ ಗದ್ದೆಯ ಬದುವೂ ಇಲ್ಲ, ನದಿಯ ತೀರವೂ ಇಲ್ಲ. ಇರುವುದು ಅಡುಗೆಮನೆಯೊಂದೇ.

ಆದ್ದರಿಂದ ಈ ರೊಟ್ಟಿಯನ್ನು ಮಾಡಿ ನೋಡುವ ಮನೆಗಳಲ್ಲಿ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಬೇಕೆಂದು ನಮ್ಮ ಕೋರಿಕೆ. ಹಿಟ್ಟಿನ ಮೂಳೆಗಳನ್ನು ಹೊಸೆಯುವ ಕೆಲಸ ಅವರಿಗೆ ಬಲು ಹಿಡಿಸುತ್ತದೆ. ಹಿಟ್ಟು ಉಬ್ಬಲು ಹಿಡಿಯುವ ಆ ಎರಡು ಗಂಟೆಗಳಲ್ಲಿ ತಮ್ಮ ಅಜ್ಜ ಅಜ್ಜಿಯರು ಯಾವ ಊರಿನವರು, ಅವರ ಹೆಸರೇನು, ಅವರಿಗೆ ಯಾವ ತಿಂಡಿ ಇಷ್ಟವಾಗಿತ್ತು ಎಂಬುದನ್ನು ಹೇಳಲು ಸಾಕಷ್ಟು ಅವಕಾಶ ಸಿಗುತ್ತದೆ.