ಉಬ್ಬಿದ ಡಬ್ಬಿಗಳು: ಕಂಪ್ಯೂಟರಿನ ಒಂದು ಪಿಡುಗಿನ ಕಥೆ



ಊರಿನಲ್ಲಿ ಫ್ಯಾನ್ ನಿಧಾನವಾಗಿ ತಿರುಗತೊಡಗಿದರೆ ರಿಪೇರಿಯವನು ಬಂದು "ಕಂಡೆನ್ಸರ್ ಹೋಗಿದೆ ಸಾರ್" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುತ್ತಿದ್ದುದು ನಮಗೆಲ್ಲ ನೆನಪಿದೆ. ಆ ಕಂಡೆನ್ಸರಿನ ದಾಯಾದಿಯೊಂದು 1999ರಿಂದ 2007ರವರೆಗೆ ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳನ್ನು ಮಲಗಿಸಿಬಿಟ್ಟಿತು. ಆ ಪಿಡುಗು ಸೀಫ್‌ನ ನಮ್ಮ ಮನೆಗಳ ಬಾಗಿಲನ್ನೂ ತಟ್ಟಿತ್ತು. ಇಂದಿನ ಮಕ್ಕಳಿಗೆ ಈ ಸಂಗತಿ ಗೊತ್ತಿಲ್ಲ. ಅದಕ್ಕಾಗಿ ಈ ಲೇಖನ.

2004ರ ಸೆಪ್ಟೆಂಬರ್. ಬೇಸಿಗೆ ರಜೆಗೆ ಊರಿಗೆ ಹೋದವರೆಲ್ಲ ಬಹರೈನಿಗೆ ಮರಳಿದ್ದೆವು. ಸಮುದ್ರವನ್ನು ತುಂಬಿಸಿ ಮಾಡಿದ ನೆಲದ ಮೇಲೆದ್ದ ಸೀಫ್‌ನಲ್ಲಿ, 1997ರಲ್ಲಿ ತೆರೆದ ಸೀಫ್ ಮಾಲ್‌ಗೆ ಹತ್ತಿರದಲ್ಲೇ ನಮ್ಮ ಸದಸ್ಯರೊಬ್ಬರ ಫ್ಲ್ಯಾಟ್ ಇತ್ತು. ನಾವು ಪತ್ರಿಕೆಯನ್ನು 'ಬರಹ' ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದ ಕಂಪ್ಯೂಟರ್ ಅಲ್ಲೇ ಇತ್ತು. ರಜೆಗೆ ಮುಂಚೆಯೇ ಅದು ಕೆಲಸದ ನಡುವೆ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ವೈರಸ್ ಇರಬೇಕೆಂದು ಸುಮ್ಮನಿದ್ದೆವು. ಈಗ ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು.

ಸದಸ್ಯರ ವಿಳಾಸಗಳು, ಐದು ವರ್ಷದ ಕಾರ್ಯಕ್ರಮಗಳ ಫೋಟೋಗಳು, ರಾಜ್ಯೋತ್ಸವ ಸಂಚಿಕೆಯ ಬರಹಗಳು ಎಲ್ಲವೂ ಅದರೊಳಗೆ. ಎಲ್ಲಕ್ಕಿಂತ ಹೆಚ್ಚಾಗಿ, ಸಂಸಾರ ಸಮೇತ ಊರಿಗೆ ಹಿಂದಿರುಗಿದ್ದ ಹಿರಿಯರೊಬ್ಬರು ತಾವು ಬಹರೈನಿಗೆ ಬಂದ ಮೊದಲ ದಿನಗಳ ಬಗ್ಗೆ ಹೇಳಿ ಬರೆಸಿದ್ದ ನೆನಪುಗಳಿದ್ದವು. ಕೈಬರಹದ ಹಾಳೆಗಳನ್ನು ಟೈಪ್ ಆದ ಮೇಲೆ ಎಸೆದಿದ್ದೆವು. ಬೇರೆ ಪ್ರತಿ ಇರಲಿಲ್ಲ. ಅಂಗಡಿಗೆ ಒಯ್ದರೆ "ಬೋರ್ಡ್ ಸತ್ತಿದೆ, ಡಿಸ್ಕ್ ಕೂಡ ಹೋಗಿರಬಹುದು, ಹೊಸದು ಕೊಳ್ಳಿ" ಎಂಬ ಉತ್ತರ. ನಾವು ನಂಬಿದೆವು.

ಐಟಿಐ ಓದಿದ್ದ ನಮ್ಮ ಇನ್ನೊಬ್ಬ ಸದಸ್ಯರು ನಂಬಲಿಲ್ಲ. ಶುಕ್ರವಾರ ಊಟವಾದ ಮೇಲೆ ಪೆಟ್ಟಿಗೆ ಬಿಚ್ಚಿ ಟಾರ್ಚ್ ಹಿಡಿದರು. ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ನಿಂತ ಕಿರುಬೆರಳ ಗಾತ್ರದ ಡಬ್ಬಿಗಳಲ್ಲಿ ಐದರ ತಲೆ ಪೂರಿಯಂತೆ ಉಬ್ಬಿತ್ತು. ಎರಡರ ಮೇಲೆ ಕಂದು ಬಣ್ಣದ ಹೊಕ್ಕು ಕಟ್ಟಿತ್ತು.

ಈ ಡಬ್ಬಿಗಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು. ಇವುಗಳ ಮೂಲ ತತ್ವಕ್ಕೆ ಕರೋಲ್ ಪೊಲ್ಲಾಕ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಪೇಟೆಂಟ್ ಪಡೆದಿದ್ದ. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರಾವಣದಲ್ಲಿ ನೆನೆಸಿದ ಕಾಗದವಿಟ್ಟು ಚಾಪೆಯಂತೆ ಸುತ್ತಿ ಡಬ್ಬಿಗೆ ತುಂಬುತ್ತಾರೆ. ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ, ಪ್ರೊಸೆಸರ್ ಒಮ್ಮೆಲೇ ಹೆಚ್ಚು ವಿದ್ಯುತ್ ಕೇಳಿದಾಗ ಇವು ಒದಗಿಸುತ್ತವೆ. ಟ್ಯಾಂಕ್ ಒಣಗಿದರೆ ಪ್ರೊಸೆಸರ್ ತತ್ತರಿಸುತ್ತದೆ.

ದ್ರಾವಣದಲ್ಲಿ ನೀರು ಹೆಚ್ಚಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಖರ್ಚೂ ಕಡಿಮೆ. ಆದರೆ ನೀರು ಅಲ್ಯೂಮಿನಿಯಮ್ಮನ್ನು ತಿಂದು ಹೈಡ್ರೋಜನ್ ಅನಿಲ ಹುಟ್ಟಿಸುತ್ತದೆ. ಅದನ್ನು ತಡೆಯುವ ಲವಣಗಳನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಬೇಕು. ಜಪಾನಿನ ಒಂದು ಕಂಪನಿಯಲ್ಲಿದ್ದ ತಜ್ಞನೊಬ್ಬ ಚೀನಾಕ್ಕೆ ಹೋದನೆಂದೂ, ಅಲ್ಲಿಂದ ದ್ರಾವಣದ ಸೂತ್ರ ಅರ್ಧಂಬರ್ಧವಾಗಿ ತೈವಾನಿಗೆ ಕಳುವಾಗಿ ಹೋಯಿತೆಂದೂ 2002-03ರಲ್ಲಿ ಉದ್ಯಮ ಪತ್ರಿಕೆಗಳು ಬರೆದವು. ಕಳವಿನ ಕಥೆ ಪೂರ್ತಿ ಸಾಬೀತಾಗಲಿಲ್ಲ. ಆದರೆ ಕೆಟ್ಟ ಡಬ್ಬಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯೊಂದು, ರಕ್ಷಣೆ ಕೊಡಬೇಕಾದ ಫಾಸ್ಫೇಟ್ ಅವುಗಳಲ್ಲಿ ಇರಲಿಲ್ಲವೆಂದು ತೋರಿಸಿತು. ಸಾರಿಗೆ ಉಪ್ಪು ಮರೆತ ಹಾಗೆ!

ತಪ್ಪು ತೈವಾನಿನದು ಮಾತ್ರ ಎನ್ನುವಂತೆಯೂ ಇಲ್ಲ. ಹೆಸರಾಂತ ಜಪಾನಿ ಕಂಪನಿ ನಿಚಿಕಾನ್‌ನ ಕೆಲವು ಡಬ್ಬಿಗಳೂ ಕೈಕೊಟ್ಟವು. ಡೆಲ್ ಕಂಪನಿ 2005ರಲ್ಲಿ ಇದಕ್ಕಾಗಿ 30 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. ಮೇ 2003ರಿಂದ ಜುಲೈ 2005ರ ನಡುವೆ ಅದು ಮಾರಿದ ಕನಿಷ್ಠ 1 ಕೋಟಿ 18 ಲಕ್ಷ ಕಂಪ್ಯೂಟರುಗಳು ಕೆಡುವ ಅಪಾಯದಲ್ಲಿದ್ದವೆಂದು ನ್ಯಾಯಾಲಯದ ದಾಖಲೆಗಳ ಆಧಾರದಿಂದ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಟೆಕ್ಸಸ್ ವಿಶ್ವವಿದ್ಯಾಲಯದವರು ದೂರಿದಾಗ, ಅಲ್ಲಿನ ಗಣಿತ ವಿಭಾಗ ಕಠಿಣ ಲೆಕ್ಕ ಮಾಡಿಸಿದ್ದರಿಂದ ಯಂತ್ರ ದಣಿಯಿತೆಂಬ ಉತ್ತರ ಬಂದಿತ್ತಂತೆ!

ನಮ್ಮ ಬಹರೈನಿನ ಸೆಕೆಯೂ ಈ ಡಬ್ಬಿಗಳಿಗೆ ಶತ್ರು. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರಿನ ಆಯಸ್ಸು, ಪ್ರತಿ 10 ಡಿಗ್ರಿ ಬಿಸಿ ಇಳಿದಂತೆ ಇಮ್ಮಡಿಯಾಗುತ್ತದೆ. 65 ಡಿಗ್ರಿಯಲ್ಲಿ ಅದು 32,000 ಗಂಟೆ, ಅಂದರೆ ಹಗಲಿರುಳು ಓಡಿದರೂ ಮೂರೂವರೆ ವರ್ಷಕ್ಕೆ ಮಿಗಿಲು. ಬಿಸಿ ಏರಿದರೆ ಲೆಕ್ಕ ತಿರುಗುಮುರುಗು. ಸೂತ್ರವೇ ತಪ್ಪಿದ ಡಬ್ಬಿಗಳಂತೂ ಒಂದೆರಡು ವರ್ಷಕ್ಕೇ ಉಬ್ಬಿದವು.

ನಮ್ಮ ಬೋರ್ಡಿನ ಚಿಕಿತ್ಸೆಗೆ ಮೂರು ವಾರ ಹಿಡಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೊಂದರಂತೆ ಕೊಂಡ ಹೊಸ ಕೆಪಾಸಿಟರುಗಳು, ರಜೆ ಮುಗಿಸಿ ಬರುತ್ತಿದ್ದವರ ಪೆಟ್ಟಿಗೆಯಲ್ಲಿ ಚಕ್ಕುಲಿ ಡಬ್ಬಿಯ ಜೊತೆ ಬಂದವು. ಸಾಮರ್ಥ್ಯ ಹಳೆಯದರಷ್ಟೇ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು, ಒಳಗಿನ ರೋಧ ಕಡಿಮೆ ಇರುವ ಜಾತಿಯದು ಎಂದು ಚೀಟಿ ಬರೆದು ಕಳುಹಿಸಿದ್ದೆವು. ಉಬ್ಬಿದ ಐದನ್ನಷ್ಟೇ ಅಲ್ಲ, ಅದೇ ತಯಾರಿಕೆಯ ಎಲ್ಲವನ್ನೂ ಬದಲಿಸಿದರು. ತಲೆ ಚಪ್ಪಟೆ ಇದ್ದರೂ ಒಳಗೆ ಒಣಗಿರುವುದುಂಟು. ಡಬ್ಬಿಯ ಪಟ್ಟೆ ಇರುವ ಕಡೆ ಋಣ. ಬೋರ್ಡಿನ ಮೇಲಿನ ಗುರುತು ಒಬ್ಬೊಬ್ಬರದು ಒಂದೊಂದು ಥರ, ಆದ್ದರಿಂದ ಕೀಳುವ ಮುನ್ನವೇ ಚಿತ್ರ ಬರೆದುಕೊಂಡರು. ಬೆಸುಗೆ ಪೂರ್ತಿ ಕರಗುವ ಮುನ್ನ ಎಳೆದರೆ ತೂತಿನೊಳಗಿನ ತಾಮ್ರವೇ ಕಿತ್ತುಬರುತ್ತದೆ. ತೂತು ಬಿಡಿಸಲು ಹಲ್ಲುಕಡ್ಡಿ ಸಾಕಾಯಿತು.

ಗುಂಡಿ ಒತ್ತಿದಾಗ ಪರದೆ ಬೆಳಗಿತು. ಮಕ್ಕಳು ಚಪ್ಪಾಳೆ ತಟ್ಟಿದರು. ವಿಳಾಸಗಳು, ಫೋಟೋಗಳು ಸಿಕ್ಕವು. ಡಿಸ್ಕ್ ಸತ್ತೇ ಇರಲಿಲ್ಲ. ಬೇರೆ ಕಂಪ್ಯೂಟರಿಗೆ ಜೋಡಿಸಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಆದರೆ ಹಿರಿಯರ ನೆನಪುಗಳ ಕೊನೆಯ ಎರಡು ಪುಟ ಮಾತ್ರ ಸಿಗಲಿಲ್ಲ. ಉಳಿಸುತ್ತಿದ್ದಾಗಲೇ ಯಂತ್ರ ಆರಿತ್ತು. ಊರಿಗೆ ಫೋನ್ ಮಾಡಿದೆವು. "ಅದೇನು ಹೇಳಿದ್ದೆನೋ ಈಗ ನೆನಪಿಲ್ಲಪ್ಪ, ಇದ್ದಷ್ಟು ಹಾಕಿ" ಎಂದರು. ಇದ್ದಷ್ಟೇ ಹಾಕಿದೆವು. ಅವರು ಈಗಿಲ್ಲ.

ಮುಂದೆ ಬೋರ್ಡುಗಳಿಗೆ ದ್ರವವೇ ಇಲ್ಲದ ಘನ ಪಾಲಿಮರ್ ಕೆಪಾಸಿಟರುಗಳು ಬಂದವು, ಪಿಡುಗು ಇಳಿಯಿತು. ಆದರೂ ನಿಮ್ಮ ಅಟ್ಟದಲ್ಲಿ ಆ ಕಾಲದ ಕಂಪ್ಯೂಟರ್ ಇದ್ದರೆ ದಯವಿಟ್ಟು ಹಾಗೇ ಗುಜರಿಗೆ ಕೊಡಬೇಡಿ. ಮೊದಲು ಡಿಸ್ಕ್ ಬಿಚ್ಚಿಸಿ, ಬೇರೆ ಯಂತ್ರಕ್ಕೆ ಜೋಡಿಸಿ ನೋಡಿ. ಸಂಘದ ಹಳೆಯ ಫೋಟೋ, ಬರಹ ಏನೇ ಸಿಕ್ಕರೂ ನಮಗೊಂದು ಪ್ರತಿ ಕೊಡಿ. ನಿಮ್ಮಲ್ಲೂ ಒಂದು ಇಟ್ಟುಕೊಳ್ಳಿ. ಒಂದೇ ಪೆಟ್ಟಿಗೆಯನ್ನು ನಂಬಿ ಕೂತದ್ದು ನಮ್ಮ ತಪ್ಪು. ಅದು ನಿಮ್ಮದಾಗುವುದು ಬೇಡ.