ದೈವದ ದೀಪಕ್ಕೆ ಕಡಿಮೆ ಖರ್ಚಿನಲ್ಲಿ ಎಣ್ಣೆ, ಬತ್ತಿ, ಕೋಲ್ತಿರಿ

ಬಾಯಾರು: ಮಂಜೇಶ್ವರ ತಾಲೂಕಿನ ಪೈವಳಿಕೆ ಪಂಚಾಯತಿಗೆ ಸೇರಿದ ಬಾಯಾರಿನಲ್ಲಿ ಶ್ರೀ ಪಂಚಲಿಂಗೇಶ್ವರ ದೇವಸ್ಥಾನದಂತಹ ದೊಡ್ಡ ಕ್ಷೇತ್ರದ ದೀಪಕ್ಕೆ ಎಣ್ಣೆ ಒಪ್ಪಿಸುವ ಭಕ್ತರಿಗೆ ಕೊರತೆಯಿಲ್ಲ. ಆದರೆ ತೋಟದ ಮೂಲೆಯ ಮನೆದೈವದ ಗುಡಿ, ಗುಡ್ಡದ ಬದಿಯ ಗುಳಿಗನ ಕಟ್ಟೆ, ನಾಗನ ಕಲ್ಲು ಇವುಗಳ ದೀಪದ ಖರ್ಚು ಆಯಾ ಮನೆಯವರದ್ದೇ. ಸಂಕ್ರಮಣಕ್ಕೊಂದು ತಂಬಿಲ, ವರ್ಷಕ್ಕೊಂದು ಪರ್ವ, ಕೈಲಾದರೆ ಕೋಲ. ದೀಪ ಮಾತ್ರ ತಪ್ಪುವಂತಿಲ್ಲ. 2025ರ ಜುಲೈ ತಿಂಗಳಲ್ಲಿ ಕೇರಳದಲ್ಲಿ ತೆಂಗಿನೆಣ್ಣೆಯ ಬೆಲೆ ಲೀಟರಿಗೆ 400 ರೂಪಾಯಿ ದಾಟಿದಾಗ ಮೊದಲು ಬಿಸಿ ತಟ್ಟಿದ್ದು ಇಂತಹ ಮನೆಗಳಿಗೆ. ಅಡುಗೆಗೆ ಪಾಮೋಲಿನ್ ಹಾಕಬಹುದು, ದೈವದ ಮುಂದೆ ಏನು ಉರಿಸುವುದು ಎಂಬ ಪ್ರಶ್ನೆ ಹಲವರಲ್ಲಿ ಹುಟ್ಟಿತು. ಅದೇ ಹೊತ್ತಿಗೆ ಅಂಗಡಿಗಳಲ್ಲಿ ‘ದೀಪದ ಎಣ್ಣೆ’ ಎಂಬ ಅಗ್ಗದ ಬಾಟಲಿಗಳು, ಡಬ್ಬಿಯಲ್ಲಿ ಬರುವ ‘ತುಪ್ಪದ ಬತ್ತಿ’, ಬಣ್ಣದ ಮೇಣದ ಬತ್ತಿಗಳು ಸಾಲಾಗಿ ಕಾಣುತ್ತಿವೆ.

ಕೊಳ್ಳುವ ಮೊದಲು ಆ ಸ್ಥಳದ ಕಟ್ಟು ಏನು ಎಂಬುದನ್ನು ಕುಟುಂಬದ ಹಿರಿಯರಲ್ಲಿ ಅಥವಾ ದೀಪ ಇಡುವ ಪೂಜಾರಿಯವರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಎಲ್ಲ ದೈವಗಳಿಗೂ ಒಂದೇ ಲೆಕ್ಕವಿಲ್ಲ. ಮಂಗಳೂರು ಸಮೀಪದ ಕುತ್ತಾರಿನ ಕೊರಗಜ್ಜನ ಆದಿಸ್ಥಳದಲ್ಲಿ ಕೋಲದ ರಾತ್ರಿ ಯಾವ ಬೆಳಕೂ ಕೂಡದು. ಹತ್ತಿರದ ರಸ್ತೆಯಲ್ಲಿ ಹೋಗುವ ವಾಹನದ ದೀಪವನ್ನೂ ಆರಿಸುವುದುಂಟು. ಅಂತಹ ಕಡೆಗೆ ಮೇಣದ ಬತ್ತಿಯ ಕಟ್ಟು ಹಿಡಿದುಕೊಂಡು ಹೋದರೆ ದುಡ್ಡು ದಂಡ. ಬೇರೆ ಕಡೆಗಳಲ್ಲಿ ಒಂದು ಹಣತೆ, ಒಂದು ಬತ್ತಿ ಸಾಕಾಗುತ್ತದೆ. ಐದು ಬತ್ತಿಯ ಕಾಲುದೀಪ ದಿನವೂ ಉರಿಯಬೇಕೆಂದು ದೈವದ ನುಡಿಯಾಗಿದೆಯೋ, ಅಥವಾ ಪೇಟೆಯಿಂದ ಹೊಸ ಕಾಲುದೀಪ ತಂದ ಮೇಲೆ ಅಭ್ಯಾಸವಾದದ್ದೋ ಎಂದು ವಿಚಾರಿಸಿದರೆ ಅರ್ಧ ಖರ್ಚು ಅಲ್ಲೇ ಉಳಿದೀತು.

ಒಂದು ಮರ, ಒಂದು ದೀಪ

ಖರ್ಚು ಇರುವುದು ಬತ್ತಿಯಲ್ಲಿ ಅಲ್ಲ, ಎಣ್ಣೆಯಲ್ಲಿ. ಸಂಜೆ ಒಂದು ಬತ್ತಿಗೆ 10 ಮಿಲಿಲೀಟರ್ ಎಣ್ಣೆ ಹಾಕುವ ಮನೆಗೆ ವರ್ಷಕ್ಕೆ ಮೂರೂವರೆ ಲೀಟರಿಗಿಂತ ಸ್ವಲ್ಪ ಹೆಚ್ಚು ಬೇಕು. ಲೀಟರಿಗೆ 400 ರೂಪಾಯಿ ಹಿಡಿದರೆ ಸುಮಾರು 1,460 ರೂಪಾಯಿ. ಅದೇ ದೀಪಕ್ಕೆ ಐದು ಬತ್ತಿ ಹಚ್ಚಿದರೆ ಖರ್ಚು 7,300 ರೂಪಾಯಿ. ಕೂಲಿ ಕೆಲಸದ ಮನೆಗೆ ಇದು ಸಣ್ಣ ಮೊತ್ತವಲ್ಲ.

ಇದನ್ನೇ ತೆಂಗಿನಕಾಯಿಯಲ್ಲಿ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಸಾಧಾರಣ ಗಾತ್ರದ ಏಳೆಂಟು ಕಾಯಿಗಳಿಂದ ಒಂದು ಕಿಲೋ ಕೊಬ್ಬರಿ ಸಿಗುತ್ತದೆ. ಒಂದು ಕಿಲೋ ಒಣಕೊಬ್ಬರಿಯಿಂದ 600ರಿಂದ 650 ಗ್ರಾಂ ಎಣ್ಣೆ. ಅಂದರೆ ಒಂದು ಲೀಟರಿಗೆ ಹತ್ತರಿಂದ ಹನ್ನೆರಡು ಕಾಯಿ. ಒಂದು ಬತ್ತಿಯ ದೀಪಕ್ಕೆ ವರ್ಷವಿಡೀ ಬೇಕಾದದ್ದು ಸುಮಾರು 40 ಕಾಯಿ. ಚೆನ್ನಾಗಿ ನೋಡಿಕೊಂಡ ಊರಿನ ಎತ್ತರದ ತಳಿಯ ಮರ ವರ್ಷಕ್ಕೆ 60ರಿಂದ 80 ಕಾಯಿ ಕೊಡುತ್ತದೆ. ಹಾಗಾಗಿ ಅಂಗಳದ ಒಂದು ಮರ ಒಂದು ದೀಪವನ್ನು ಸಾಕುತ್ತದೆ, ಸಾಲದ್ದಕ್ಕೆ ತಂಬಿಲದ ಕಾಯಿಯೂ ಅದರಲ್ಲೇ ಆಗುತ್ತದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನಂತಹ ಜಿಲ್ಲೆಯಲ್ಲಿ ದೈವದ ದೀಪಕ್ಕೆ ಬಾಟಲಿಯ ಎಣ್ಣೆ ತರುವುದು ವಿಚಿತ್ರವೇ ಸರಿ.

ತೊಡಕು ಇರುವುದು ಆಡಿಸುವಲ್ಲಿ. ಎರಡು ಮೂರು ಕಿಲೋ ಕೊಬ್ಬರಿಗೆ ಮಿಲ್ಲಿನವರು ಯಂತ್ರ ಓಡಿಸಲು ಒಪ್ಪುವುದಿಲ್ಲ. ನೆರೆಕರೆಯ ನಾಲ್ಕೈದು ಮನೆಯವರು ಬೇಸಗೆಯಲ್ಲಿ ಒಟ್ಟು ಸೇರಿ ಒಣಗಿಸಿ, ಒಂದೇ ಸಲ ಆಡಿಸಿಕೊಂಡು ಹಂಚಿಕೊಂಡರೆ ಆಡಿಸಿದ ಕೂಲಿ ಕಳೆದರೂ ಅಂಗಡಿಯ ಬೆಲೆಗಿಂತ ಎಷ್ಟೋ ಕಡಿಮೆ. ಹಿಂಡಿ ದನಕ್ಕಾಯಿತು. ಮಳೆಗಾಲದಲ್ಲಿ ಬೂಸ್ಟು ಹಿಡಿದ ಕೊಬ್ಬರಿಯ ಎಣ್ಣೆ ಊಟಕ್ಕೆ ಆಗದಿದ್ದರೂ ದೀಪದಲ್ಲಿ ಉರಿಯುತ್ತದೆ. ಆದರೆ ಅದರ ಹಿಂಡಿಯನ್ನು ಹಾಲು ಕೊಡುವ ದನಕ್ಕೆ ಹಾಕಬಾರದು, ಬೂಸ್ಟಿನ ವಿಷ ಹಾಲಿಗೆ ಇಳಿಯುತ್ತದೆ. ಬೂಸ್ಟು ಹಿಡಿದದ್ದನ್ನು ದೈವಕ್ಕೆ ಇಡಬಹುದೇ ಎಂಬುದು ಬೇರೆ ಮಾತು. ಅದನ್ನು ಅಂಗಳದ ಬೆಳಕಿಗೆ ಇಟ್ಟುಕೊಂಡು ಒಳ್ಳೆಯದನ್ನು ಗುಡಿಯೊಳಗೆ ಬಳಸುವುದೇ ಹೆಚ್ಚಿನವರ ಕ್ರಮ.

ಮರವಿಲ್ಲದವರು ಕೊಳ್ಳಲೇಬೇಕು. ‘ದೀಪದ ಎಣ್ಣೆ’ಯ ಬಾಟಲಿಯ ಹಿಂಬದಿಯನ್ನು ಓದದೆ ತರಬಾರದು. ಆಹಾರಕ್ಕೆ ಅಲ್ಲ ಎಂದು ಬರೆದ ಮೇಲೆ ಅದು ತಿನ್ನುವ ಎಣ್ಣೆಯ ನಿಯಮಗಳಿಗೆ ಒಳಪಡುವುದಿಲ್ಲ. ಕೆಲವದರಲ್ಲಿ ತವುಡಿನ ಎಣ್ಣೆ, ತಾಳೆ ಎಣ್ಣೆ ಇರುತ್ತದೆ, ಇದರಿಂದ ತೊಂದರೆಯೇನಿಲ್ಲ. ಕೆಲವದರಲ್ಲಿ ಪೆಟ್ರೋಲಿಯಂನಿಂದ ಬರುವ ಖನಿಜ ತೈಲ ಬೆರೆತಿರುತ್ತದೆ. ಇದು ಸಣ್ಣ ಗುಡಿಯೊಳಗೆ ಹೊಗೆ ಕಟ್ಟುತ್ತದೆ, ಮರದ ಕೆತ್ತನೆ ಮತ್ತು ದೈವದ ಮೊಗಕ್ಕೆ ಮಸಿ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಮಕ್ಕಳದ್ದು. ತೆಳ್ಳಗಿನ ಖನಿಜ ತೈಲವನ್ನು ಮಗು ಬಾಯಿಗೆ ಹಾಕಿಕೊಂಡರೆ ಸೀಮೆಎಣ್ಣೆಯಂತೆಯೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಒಯ್ಯಬೇಕು. ಸುವಾಸನೆಯ ಬಣ್ಣದ ಬಾಟಲಿ ಮಗುವಿಗೆ ಶರಬತ್ತಿನಂತೆ ಕಾಣುತ್ತದೆ ಎಂಬುದನ್ನು ಮರೆಯಬಾರದು.

ತೆಂಗಿನೆಣ್ಣೆ ಎಂದೇ ಮಾರುವುದರಲ್ಲಿಯೂ ಕಲಬೆರಕೆ ಇದೆ. 2018ರಲ್ಲಿ ಕೇರಳದ ಆಹಾರ ಸುರಕ್ಷಾ ಇಲಾಖೆ ಹತ್ತಾರು ಬ್ರಾಂಡುಗಳನ್ನು ನಿಷೇಧಿಸಿತ್ತು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಸುಲಭ. ಗಾಜಿನ ಲೋಟದಲ್ಲಿ ಸ್ವಲ್ಪ ಎಣ್ಣೆಯನ್ನು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಇಟ್ಟರೆ ಶುದ್ಧ ತೆಂಗಿನೆಣ್ಣೆ ಬಿಳಿಯಾಗಿ ಪೂರ್ತಿ ಗಟ್ಟಿಯಾಗುತ್ತದೆ. ಅದು ಸುಮಾರು 24 ಡಿಗ್ರಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ. ಗಟ್ಟಿಯಾದ ಭಾಗದ ಮೇಲೆ ನೀರಾದ ಪದರ ಉಳಿದರೆ ಬೇರೇನೋ ಬೆರೆತಿದೆ ಎಂದು ತಿಳಿಯಬಹುದು.

ಕರಾವಳಿಯಲ್ಲಿ ಹಿಂದೆ ದೀಪಕ್ಕೆ ತೆಂಗಿನೆಣ್ಣೆಗಿಂತ ಹೊನ್ನೆ ಎಣ್ಣೆಯೇ ಹೆಚ್ಚು ಬಳಕೆಯಲ್ಲಿದ್ದ ಮನೆಗಳಿದ್ದವು. ಮರದಡಿ ಬಿದ್ದ ಹೊನ್ನೆಕಾಯಿ ಹೆಕ್ಕಿ, ಒಣಗಿಸಿ, ಒಡೆದು ತಿರುಳನ್ನು ಆಡಿಸಿದರೆ ಹಸಿರು ಕಪ್ಪು ಬಣ್ಣದ ದಪ್ಪ ಎಣ್ಣೆ ಬರುತ್ತದೆ. ತಿನ್ನಲು ಆಗದು, ವಾಸನೆಯಿದೆ, ಹೊಗೆಯೂ ಇದೆ. ಬಯಲಿನ ಕಟ್ಟೆಗೆ ಮತ್ತು ದೀವಟಿಗೆಗೆ ಇದರಿಂದ ತೊಂದರೆಯಿಲ್ಲ. ಹೊನ್ನೆ ಮರ ಇರುವವರು ಕಾಯಿಯನ್ನು ಕೊಳೆಯಲು ಬಿಡುವ ಅಗತ್ಯವಿಲ್ಲ.

ತುಳುನಾಡಿನ ಮೇಣದ ಬತ್ತಿ

ನಿಲ್ಲಿಸಿ ಹಚ್ಚಿದರೆ ತಾನಾಗಿ ಉರಿಯುವ ಬೆಳಕು ಬೇಕೆಂದರೆ ಇಲ್ಲಿನವರಿಗೆ ಕೋಲ್ತಿರಿ ಇದೆ. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ಈ ಸಣ್ಣ ಪಂಜನ್ನು ಬಾಳೆದಿಂಡಿಗೆ ಚುಚ್ಚಿ ನಿಲ್ಲಿಸುತ್ತಾರೆ. ದೀಪಾವಳಿಯ ತುಡರ್ ಪರ್ಬದಲ್ಲಿ ಬಲೀಂದ್ರನನ್ನು ಕರೆದು ಗದ್ದೆಗೆ ಬೆಳಕು ತೋರಿಸುವಾಗಲೂ ಇದರದ್ದೇ ತರಹದ ಕೋಲು ಬೇಕು.

ಮಾಡುವುದು ಕಷ್ಟವಲ್ಲ. ಬಿದಿರನ್ನು ಗೇಣುದ್ದಕ್ಕೆ ಸೀಳಿ ಒಂದು ತುದಿಯನ್ನು ಚೂಪು ಮಾಡಬೇಕು. ಚಿಕ್ಕದಕ್ಕೆ ಹಿಡಿಸೂಡಿಯ ದಪ್ಪ ಕಡ್ಡಿ ಎರಡು ಮೂರು ಒಟ್ಟಿಗೆ ಕಟ್ಟಿದರೂ ನಡೆಯುತ್ತದೆ. ಒಂದಿಂಚು ಅಗಲದ ಹತ್ತಿ ಬಟ್ಟೆಯ ಪಟ್ಟಿಯನ್ನು ಇನ್ನೊಂದು ತುದಿಗೆ ಬಿಗಿಯಾಗಿ ಸುತ್ತಿ ಹತ್ತಿ ನೂಲಿನಿಂದ ಕಟ್ಟಬೇಕು. ಸಡಿಲವಾದರೆ ಉರಿಯುತ್ತಾ ಕಳಚಿ ಬೀಳುತ್ತದೆ. ಬಳಿಕ ಎಣ್ಣೆಯಲ್ಲಿ ನೆನೆಸಿ, ತೊಟ್ಟಿಕ್ಕದಂತೆ ಹಿಂಡಿ ಇಡಬೇಕು. ಎರಡು ಮೀಟರ್ ಉದ್ದದ, ಸವಾ ಮೀಟರ್ ಅಗಲದ ಒಂದು ಮುಂಡಿನಿಂದ ಗೇಣುದ್ದದ ಪಟ್ಟಿಗಳು ಲೆಕ್ಕಕ್ಕೆ 500 ಆಗುತ್ತವೆ; ಅಂಚು, ಹರಕು ಕಳೆದರೂ 300ಕ್ಕೆ ಮೋಸವಿಲ್ಲ. ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿದ್ದರೆ ಅದು ಉರಿಯುವ ಬದಲು ಕರಗಿ ಹನಿಯುತ್ತದೆ. ಒಂದು ನೂಲು ಎಳೆದು ಬೆಂಕಿಗೆ ಹಿಡಿದು ನೋಡಬೇಕು: ಬೂದಿಯಾದರೆ ಹತ್ತಿ, ಗಂಟಾದರೆ ಪಾಲಿಯೆಸ್ಟರ್. ಉಟ್ಟ ಬಟ್ಟೆ ದೈವದ ಬೆಳಕಿಗೆ ಸಲ್ಲದು ಎನ್ನುವ ಕಡೆ ಒಂದೆರಡು ಮೀಟರ್ ಕೋರಾ ಬಟ್ಟೆ ತಂದರಾಯಿತು. ಹಣತೆಯ ಬತ್ತಿಯನ್ನಂತೂ ಹಣ ಕೊಟ್ಟು ತರುವುದೇ ಬೇಡ. ಔಷಧಿ ಅಂಗಡಿಯ ಹತ್ತಿಯ ಸುರುಳಿಯೊಂದು ಮನೆಯಲ್ಲಿ ಹೊಸೆದರೆ ತಿಂಗಳುಗಟ್ಟಲೆ ಬರುತ್ತದೆ. ಬತ್ತಿ ಸಪೂರವಾದಷ್ಟು ಹೊಗೆ ಕಡಿಮೆ, ಎಣ್ಣೆಯೂ ಕಡಿಮೆ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯಕ್ಕೆ ಹೊರಡಬಾರದು. ಊರಿನ ಕೋಲ, ನೇಮಗಳಲ್ಲಿ ದೀವಟಿಗೆ ಹಿಡಿಯುವುದು, ಅದಕ್ಕೆ ಮಡಿ ಬಟ್ಟೆ ಒದಗಿಸುವುದು ಅನೇಕ ಕಡೆ ಮಡಿವಾಳ ಮನೆತನದ ಹಕ್ಕು. ಅದಕ್ಕೆ ಸಲ್ಲಬೇಕಾದ ಅಕ್ಕಿ, ಕಾಯಿ, ಹಣ ಇದೆ. ಆನ್‌ಲೈನಿನಲ್ಲಿ ಸಿದ್ಧ ದೀವಟಿಗೆ ತರಿಸಿದರೆ ನಾಲ್ಕು ಕಾಸು ಉಳಿದೀತು, ಒಂದು ಮನೆಯವರ ಚಾಕರಿಯ ಕೊಂಡಿ ಕಳಚಿಹೋಗುತ್ತದೆ. ನೇಮದ ಅಂಗಳಕ್ಕೆ ಟ್ಯೂಬ್‌ಲೈಟು ಬಂದ ಮೇಲೆ ದೀವಟಿಗೆ ಬೆಳಕಿಗಾಗಿ ಉಳಿದಿಲ್ಲ, ಕಟ್ಟಿಗಾಗಿ ಉಳಿದಿದೆ. ಎಣ್ಣೆಯ ಪ್ರಮಾಣ ಇಳಿಸಲು ಅಡ್ಡಿಯಿಲ್ಲ, ಹಿಡಿಯುವವರನ್ನು ಇಳಿಸುವುದು ಸರಿಯಲ್ಲ.

ಗುಳಿಗ, ಕಲ್ಕುಡ, ಕಲ್ಲುರ್ಟಿ ದೈವಗಳ ತೂಟೆಗೆ ಖರ್ಚೇ ಇಲ್ಲ. ಒಣಗಿದ ತೆಂಗಿನ ಮಡಲಿನ ಓಲೆಗಳನ್ನು ಒತ್ತಾಗಿ ಸೇರಿಸಿ ಓಲೆಯಿಂದಲೇ ಅಲ್ಲಲ್ಲಿ ಕಟ್ಟಿದರೆ ಆಯಿತು. ಬಿಗಿಯಾಗಿ ಕಟ್ಟಿದ್ದು ನಿಧಾನ ಉರಿಯುತ್ತದೆ. ಬೇಗ ಹತ್ತಲೆಂದು ಪೆಟ್ರೋಲ್, ಸೀಮೆಎಣ್ಣೆ ಸುರಿಯುವ ಚಟ ಮಾತ್ರ ಬೇಡ.

ಇನ್ನು ಅಂಗಡಿಯ ಮೇಣದ ಬತ್ತಿ. ಇದು ಹೆಚ್ಚಾಗಿ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂ ಮೇಣ. ಇಗರ್ಜಿಯಲ್ಲಿ ಅದಕ್ಕೆ ಸ್ಥಾನವಿದೆ, ದೈವದ ಗುಡಿಯೊಳಗೆ ರೂಢಿಯಿಲ್ಲ. ಜೇನುಮೇಣ ಒಳ್ಳೆಯದಾದರೂ ತುಡುವೆ ಪೆಟ್ಟಿಗೆಯಲ್ಲಿ ಸಿಗುವುದು ಅಲ್ಪ, ಬೆಲೆ ಹೆಚ್ಚು. ಡಬ್ಬಿಯ ‘ತುಪ್ಪದ ಬತ್ತಿ’ ಎಷ್ಟೋ ಸಲ ವನಸ್ಪತಿಯದ್ದು. ತುಪ್ಪದ್ದೇ ಬೇಕಿದ್ದರೆ ಕರಗಿಸಿದ ತುಪ್ಪವನ್ನು ಐಸ್ ಟ್ರೇಯ ಗುಳಿಗಳಿಗೆ ಹೊಯ್ದು, ಪ್ರತಿಯೊಂದಕ್ಕೂ ಹೂಬತ್ತಿ ನಿಲ್ಲಿಸಿ ಫ್ರಿಜ್ಜಿನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ. ಬೇಕಾದಾಗ ಒಂದೊಂದನ್ನೇ ಹಣತೆಗೆ ಇಡಬಹುದು. ಗಲ್ಫಿನಲ್ಲಿ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರಿಗೆ ಇದು ಅನುಕೂಲ.

ಊರಿನದ್ದೇ ಮೇಣವೊಂದು ಇತ್ತು ಎಂಬುದು ಈಗ ಹೆಚ್ಚಿನವರಿಗೆ ತಿಳಿಯದು. ಸಾಲುಧೂಪದ ಮರದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ತೇಲುವ ಕೊಬ್ಬು ತಣಿದಾಗ ಮೇಣದಂತೆ ಗಟ್ಟಿಯಾಗುತ್ತದೆ. 19ನೇ ಶತಮಾನದಲ್ಲಿ ಬ್ರಿಟಿಷರು ಇದಕ್ಕೆ ‘ಪೈನಿ ಟ್ಯಾಲೋ’ ಎಂದು ಹೆಸರಿಟ್ಟು ಮೇಣದ ಬತ್ತಿಗೆ ಒಳ್ಳೆಯ ವಸ್ತು ಎಂದು ಬರೆದಿದ್ದರು. ತಂಬಿಲದಲ್ಲಿ ಹಾಕುವ ಧೂಪವೂ ಇದೇ ಮರದ ಅಂಟು. ಅಂಟಿಗಾಗಿ ಮರಕ್ಕೆ ಗಾಯ ಮಾಡಿ ಮಾಡಿ ಮರವೇ ಕಡಿಮೆಯಾಗಿದೆ. ಆದ್ದರಿಂದ ಈಗ ಬಿದ್ದ ಬೀಜವನ್ನು ಕುದಿಸುವುದಕ್ಕಿಂತ ನೆಡುವುದೇ ಲೇಸು. ತಾಜಾ ಇರುವಾಗಲೇ ಬಿತ್ತಬೇಕು, ಇಟ್ಟರೆ ಹುಟ್ಟುವುದಿಲ್ಲ.

ಅಂಗಳದ ದಾರಿಗೆ ಬೆಳಕು ಬೇಕಾದರೆ ಉರಿದುಳಿದ ಮೇಣದ ಬತ್ತಿಯ ತುಂಡುಗಳನ್ನು ಕರಗಿಸಿ ಗೆರಟೆಗೆ ಹೊಯ್ದು ನಡುವೆ ಹತ್ತಿ ನೂಲು ನಿಲ್ಲಿಸಿದರೆ ಗಾಳಿಗೆ ತಡೆಯುವ ದೀಪ ಸಿದ್ಧ. ಮೇಣದ ಪಾತ್ರೆಯನ್ನು ಒಲೆಯ ಮೇಲೆ ನೇರ ಇಡದೆ ಕುದಿಯುವ ನೀರಿನ ಪಾತ್ರೆಯೊಳಗೆ ಇಡಬೇಕು. ಬೆಂಕಿ ಹಿಡಿದರೆ ನೀರು ಸುರಿಯಬಾರದು, ಮುಚ್ಚಳ ಮುಚ್ಚಬೇಕು.

ಬೆಂಕಿಯ ವಿಚಾರದಲ್ಲಿ ಈ ಜಿಲ್ಲೆಗೆ ಕಹಿ ನೆನಪಿದೆ. 2024ರ ಅಕ್ಟೋಬರ್ 28ರ ಮಧ್ಯರಾತ್ರಿ ನೀಲೇಶ್ವರದ ಅಂಞೂಟ್ಟಂಬಲಂ ವೀರರ್‌ಕಾವಿನಲ್ಲಿ ತೆಯ್ಯಂ ನಡೆಯುತ್ತಿದ್ದಾಗ ಪಟಾಕಿ ದಾಸ್ತಾನಿಗೆ ಕಿಡಿ ತಾಗಿ ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಜೀವ ಕಳೆದುಕೊಂಡರು. ಅಲ್ಲಿ ಉರಿದದ್ದು ಪಟಾಕಿ, ದೀಪವಲ್ಲ. ಆದರೂ ಎಣ್ಣೆಯ ಡಬ್ಬಿ, ತೂಟೆಯ ಕಟ್ಟು, ಪಟಾಕಿ ಮೂರನ್ನೂ ಒಂದೇ ಚಾವಡಿಯಲ್ಲಿ ಇಡುವ ಪದ್ಧತಿ ಸಣ್ಣ ಸ್ಥಾನಗಳಲ್ಲಿ ಇನ್ನೂ ಕಾಣುತ್ತದೆ. ಪಟಾಕಿಯನ್ನು ದೂರದ ಬೇರೆ ಕೋಣೆಗೆ ಸಾಗಿಸಿ, ದೀವಟಿಗೆಯವರ ಕೈಗೆಟಕುವಂತೆ ಎರಡು ಬಕೆಟ್ ಹೊಯಿಗೆ ಇಟ್ಟುಕೊಳ್ಳಲು ಖರ್ಚಿಲ್ಲ.

ಪತ್ತನಾಜೆಗೆ ನೇಮದ ಕಾಲ ಮುಗಿದ ಮೇಲೆ ದೀವಟಿಗೆಯ ಹಳೆ ಬಟ್ಟೆ ತೆಗೆದು, ಕಬ್ಬಿಣಕ್ಕೆ ಎಣ್ಣೆ ಸವರಿ ಇಟ್ಟರೆ ಮಳೆಗಾಲದ ತುಕ್ಕು ಹಿಡಿಯದು. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅಂದೇ ಸುಟ್ಟುಬಿಡಬೇಕು. ಉಳಿದ ಎಣ್ಣೆಯನ್ನು ನೀರಿನ ಪಸೆಯಿಲ್ಲದ ಭರಣಿಯಲ್ಲಿ ಮುಚ್ಚಿ ಕತ್ತಲೆಯಲ್ಲಿ ಇಟ್ಟರೆ ಆಟಿ, ಸೋಣದ ಸಂಕ್ರಮಣಗಳ ದೀಪಕ್ಕೆ ಆಗುತ್ತದೆ.