ಮೌನವು ಸಮ್ಮತಿಯ ಲಕ್ಷಣವೇ?

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತನ್ನು ನಾವೆಲ್ಲರೂ ಮದುವೆಯ ಮಾತುಕತೆಗಳಲ್ಲಿ ಕೇಳಿದ್ದೇವೆ. ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕುಳಿತರೆ ಹಿರಿಯರು ಈ ಮಾತನ್ನಾಡಿ ತಾಂಬೂಲ ಬದಲಾಯಿಸಿಬಿಡುತ್ತಿದ್ದರು. ಆಕೆಯ ಮನಸ್ಸಿನಲ್ಲಿ ಏನಿತ್ತೆಂದು ಕೇಳಿದವರು ವಿರಳ. ಇದೇ ಮಾತನ್ನು ವ್ಯಾಪಾರಿಯೊಬ್ಬನು ಆಡಿದರೆ ಏನಾಗುತ್ತದೆ? ಅಮೆರಿಕದ ಟೆಲಿಫೋನು ಮತ್ತು ವಿದ್ಯುತ್ತಿನ ಇತಿಹಾಸದಲ್ಲಿ ಇದಕ್ಕೊಂದು ಉತ್ತರವಿದೆ. ಆ ದೇಶದಲ್ಲಿ ನೆಲೆಸಿರುವ ನನ್ನ ಶಿಷ್ಯರಿಗೆ ಇದರ ಕೊನೆಯ ಅಧ್ಯಾಯ ಪರಿಚಿತವಿರಬಹುದು. ಆರಂಭವನ್ನು ಇಲ್ಲಿ ಹೇಳುತ್ತೇನೆ.

1984ರ ಜನವರಿ 1ರಂದು ಎಟಿ ಅಂಡ್ ಟಿ ಎಂಬ ಬೃಹತ್ ಸಂಸ್ಥೆ ವಿಭಜನೆಗೊಂಡಿತು. ಸ್ಥಳೀಯ ಟೆಲಿಫೋನು ಸೇವೆ ಪ್ರಾದೇಶಿಕ ಕಂಪನಿಗಳ ಪಾಲಾಯಿತು. ದೂರದ ಊರಿನ ಕರೆಗಳಿಗೆ ಮಾತ್ರ ಎಂಸಿಐ, ಸ್ಪ್ರಿಂಟ್ ಮೊದಲಾದ ಕಂಪನಿಗಳೊಡನೆ ಪೈಪೋಟಿ ಬಿರುಸಾಯಿತು. ಗ್ರಾಹಕನು ತನಗೆ ಬೇಕಾದ ಕಂಪನಿಯನ್ನು ಆರಿಸಿಕೊಳ್ಳಬಹುದಾಗಿತ್ತು. ತಂತಿಯೂ ಅದೇ, ಮನೆಯ ಫೋನೂ ಅದೇ. ಬದಲಾಗುತ್ತಿದ್ದುದು ಸ್ಥಳೀಯ ಕಂಪನಿಯ ದಾಖಲೆಯಲ್ಲಿದ್ದ ಒಂದು ನಮೂದು ಮಾತ್ರ. 'ಗ್ರಾಹಕರು ಒಪ್ಪಿದ್ದಾರೆ' ಎಂದು ಹೊಸ ಕಂಪನಿ ತಿಳಿಸಿದರೆ ಆ ನಮೂದು ಬದಲಾಗುತ್ತಿತ್ತು. ಒಪ್ಪದವರ ಹೆಸರುಗಳೂ ಹೀಗೆ ಬದಲಾಗತೊಡಗಿದವು. ಈ ವಂಚನೆಗೆ ಅಲ್ಲಿನವರು 'ಸ್ಲ್ಯಾಮಿಂಗ್' ಎಂದು ಹೆಸರಿಟ್ಟರು.

1992ರಲ್ಲಿ ಅಲ್ಲಿನ ಸಂಪರ್ಕ ಆಯೋಗವಾದ ಎಫ್‌ಸಿಸಿಯು, ಫೋನಿನಲ್ಲಿ ಮಾರಾಟ ಮಾಡುವವರು ಒಪ್ಪಿಗೆಯನ್ನು ದೃಢಪಡಿಸಿಕೊಳ್ಳಲು ನಾಲ್ಕು ಮಾರ್ಗಗಳನ್ನು ವಿಧಿಸಿತು. ಸಹಿ ಮಾಡಿದ ಪತ್ರ, ಗ್ರಾಹಕನೇ ಉಚಿತ ಸಂಖ್ಯೆಗೆ ಕರೆಮಾಡಿ ಖಚಿತಪಡಿಸುವುದು, ಸ್ವತಂತ್ರ ತೃತೀಯ ಸಂಸ್ಥೆಯೊಂದು ಕೇಳಿ ದೃಢಪಡಿಸುವುದು, ಇವು ಮೂರು. ನಾಲ್ಕನೆಯದು ವಿಚಿತ್ರವಾಗಿತ್ತು: ಕಂಪನಿಯು ಒಂದು ಲಕೋಟೆಯಲ್ಲಿ ವಿವರಗಳನ್ನೂ ಅಂಚೆಕಾರ್ಡನ್ನೂ ಕಳುಹಿಸುವುದು, 14 ದಿನ ಕಾಯುವುದು, ಗ್ರಾಹಕನು ಬೇಡವೆಂದು ಕಾರ್ಡು ಹಾಕದಿದ್ದರೆ ಬದಲಾವಣೆ ಜಾರಿಗೆ ಬರುವುದು. ಜಾಹೀರಾತಿನ ರಾಶಿಯಲ್ಲಿ ಆ ಲಕೋಟೆಯೂ ಕಸದಬುಟ್ಟಿ ಸೇರಿದರೆ, ಅದೇ ಸಮ್ಮತಿ!

ಸಹಿಯಾದರೂ ಸುರಕ್ಷಿತವೇ ಎಂದರೆ ಅದೂ ಅಲ್ಲ. ಬಹುಮಾನ ಯೋಜನೆಯ ಅರ್ಜಿಗೆ ಸಹಿ ಹಾಕಿದವರು ತಮಗರಿವಿಲ್ಲದೆ ಕಂಪನಿ ಬದಲಿಸಿದ್ದರು. 1995ರಲ್ಲಿ ಆಯೋಗವು ಒಪ್ಪಿಗೆ ಪತ್ರವನ್ನು ಇಂತಹ ಆಮಿಷದ ಕಾಗದದೊಡನೆ ಬೆರೆಸಕೂಡದೆಂದು ನಿಯಮ ಮಾಡಬೇಕಾಯಿತು. ಆ ದಶಕದಲ್ಲೇ ಟೆಕ್ಸಾಸಿನ ಕಂಪನಿಯೊಂದು 'ಐ ಡೋಂಟ್ ಕೇರ್', 'ಇಟ್ ಡಸಂಟ್ ಮ್ಯಾಟರ್' ಎಂಬ ಹೆಸರುಗಳನ್ನೇ ನೋಂದಾಯಿಸಿಕೊಂಡಿತ್ತು. ಯಾವ ಕಂಪನಿಯ ಮೂಲಕ ಕರೆ ಬೇಕೆಂದು ಆಪರೇಟರ್ ಕೇಳಿದಾಗ 'ಯಾವುದಾದರೂ ಆದೀತು' ಎಂದವರ ಕರೆ ಈ ಕಂಪನಿಗೇ ಹೋಗುತ್ತಿತ್ತು. ನಗು ಬರುತ್ತದೆ, ನಿಜ. ಆದರೆ ಉದಾಸೀನವನ್ನೂ ಒಪ್ಪಿಗೆಯಾಗಿಸಿ ಹಣ ಮಾಡಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

1998ರಲ್ಲಿ ಆಯೋಗವು ಲಕೋಟೆಯ ಮಾರ್ಗವನ್ನು ರದ್ದುಪಡಿಸಿತು. ಒಪ್ಪಿಗೆ ಕೇಳುವ ತೃತೀಯ ಸಂಸ್ಥೆಗೆ 'ಹೌದು' ಎನ್ನಿಸುವುದರಲ್ಲಿ ಹಣದ ಲಾಭವಿರಬಾರದು ಎಂದೂ ವಿಧಿಸಿತು. 2000ದಲ್ಲಿ ಜಾರಿಗೆ ಬಂದ ನಿಯಮದಂತೆ, ಮೋಸಹೋದ ಗ್ರಾಹಕನು ಇನ್ನೂ ಹಣ ಕಟ್ಟಿರದಿದ್ದರೆ ಮೊದಲ 30 ದಿನಗಳ ಕರೆಗಳಿಗೆ ಏನನ್ನೂ ಕೊಡಬೇಕಾಗಿರಲಿಲ್ಲ. ವಂಚನೆಯ ಲಾಭವನ್ನು ಕಿತ್ತುಕೊಂಡಾಗಲೇ ಕಾನೂನಿಗೆ ಹಲ್ಲು ಮೂಡಿತು.

ಇಷ್ಟರಲ್ಲಿ ವಿದ್ಯುತ್ತಿನ ಸರದಿ ಬಂದಿತ್ತು. ಕ್ಯಾಲಿಫೋರ್ನಿಯಾ 1998ರ ಮಾರ್ಚ್ 31ರಂದು, ಟೆಕ್ಸಾಸ್ 2002ರ ಜನವರಿ 1ರಂದು ಮನೆಬಳಕೆಯ ಗ್ರಾಹಕರಿಗೂ ಮಾರುಕಟ್ಟೆಯನ್ನು ತೆರೆದವು. ಇಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಮಾರುವವರು ಬದಲಾದರೂ ದೀಪ ಒಮ್ಮೆಯೂ ಮಿಣುಕುವುದಿಲ್ಲ. ತಿಂಗಳ ಬಿಲ್ಲು ಬರುವವರೆಗೆ ಮನೆಯವರಿಗೆ ತಿಳಿಯುವುದಿಲ್ಲ. ಆದ್ದರಿಂದ ಶಾಸನಕರ್ತರು ಟೆಲಿಫೋನಿನ ಪಾಠವನ್ನು ಇಲ್ಲಿಗೆ ತಂದರು. ಟೆಕ್ಸಾಸಿನಲ್ಲಿ ಒಪ್ಪಿಗೆಯನ್ನು ದೃಢಪಡಿಸಿ ದಾಖಲಿಸಬೇಕು. ಮನಸ್ಸು ಬದಲಿಸಲು ಗ್ರಾಹಕನಿಗೆ ಮೂರು ಕೆಲಸದ ದಿನಗಳ ಅವಕಾಶವಿದೆ. ಒಪ್ಪಿಗೆಯಿಲ್ಲದೆ ಬದಲಾಗಿದ್ದರೆ ಹಳೆಯ ಕಂಪನಿಗೆ ಮರಳಿಸಬೇಕು.

ಹಾಗಾದರೆ ಮೌನಕ್ಕೆ ಎಲ್ಲಿಯೂ ಬೆಲೆಯಿಲ್ಲವೇ? ಓಹಾಯೋ ರಾಜ್ಯದ 1999ರ ಕಾನೂನು ಇದಕ್ಕೊಂದು ಅಪವಾದ. ಅಲ್ಲಿ ಊರಿನ ಆಡಳಿತವೇ ಎಲ್ಲ ನಿವಾಸಿಗಳ ಪರವಾಗಿ ವಿದ್ಯುತ್ ಖರೀದಿಯ ಒಪ್ಪಂದ ಮಾಡಿಕೊಳ್ಳಬಹುದು. ಬೇಡವೆಂದು ಬರೆದುಕೊಡದವರೆಲ್ಲರೂ ಅದರೊಳಗೆ ಸೇರುತ್ತಾರೆ. ಮೇಲ್ನೋಟಕ್ಕೆ ಇದು ಅದೇ ಅಂಚೆಕಾರ್ಡಿನ ಕಥೆಯಂತೆ ಕಾಣುತ್ತದೆ. ಆದರೆ ಅಲ್ಲಿ ಮೊದಲು ಊರಿನ ಮತದಾರರು ಮತಪೆಟ್ಟಿಗೆಯಲ್ಲಿ ಅನುಮತಿ ಕೊಟ್ಟಿರಬೇಕು. ಪ್ರತಿ ಮನೆಗೂ ತಿಳಿವಳಿಕೆ ಪತ್ರ ಹೋಗಬೇಕು. ಕೆಲವು ವರ್ಷಗಳಿಗೊಮ್ಮೆ ಹೊರಬರುವ ಬಾಗಿಲು ಮತ್ತೆ ತೆರೆಯಬೇಕು. ಆ ಮೌನದ ಹಿಂದೆ ಬಹಿರಂಗವಾಗಿ ನಡೆದ ನಿರ್ಧಾರವಿದೆ, ಉತ್ತರ ಹೇಳಬೇಕಾದ ಚುನಾಯಿತ ಜನರಿದ್ದಾರೆ. ಲಕೋಟೆಯ ಹಿಂದೆ ಇದ್ದುದು ಮಾರುವವನ ಲಾಭವೊಂದೇ. ನನ್ನ ದೃಷ್ಟಿಯಲ್ಲಿ ವ್ಯತ್ಯಾಸವಿರುವುದು ಇಲ್ಲಿಯೇ: ಮೌನದ ಅರ್ಥವನ್ನು ಹೇಳುವ ಅಧಿಕಾರವು ಅದರಿಂದ ಲಾಭ ಪಡೆಯುವವನ ಕೈಗೆ ಸಿಗಬಾರದು.

ನಮ್ಮಲ್ಲಿ ಮುಂಬೈ ಉಪನಗರದ ರಿಲಯನ್ಸ್ ಇನ್ಫ್ರಾಸ್ಟ್ರಕ್ಚರ್ ಗ್ರಾಹಕರು 2009ರ ಅಕ್ಟೋಬರಿನ ನಿಯಂತ್ರಣ ಆಯೋಗದ ಆದೇಶದಿಂದ ಅದೇ ತಂತಿಗಳ ಮೂಲಕ ಟಾಟಾ ಪವರ್‌ನ ವಿದ್ಯುತ್ತನ್ನು ಪಡೆಯುವಂತಾಯಿತು. ಒಂದೇ ಜಾಲದಲ್ಲಿ ಹಲವು ವಿತರಕರಿಗೆ ಅವಕಾಶ ಕೊಡುವ ಮಸೂದೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದು, 2024ರಲ್ಲಿ ಆ ಲೋಕಸಭೆಯೊಡನೆಯೇ ಬಿದ್ದುಹೋಯಿತು. ಕರ್ನಾಟಕದ ಮನೆಗಳಿಗೆ ಆಯಾ ಪ್ರದೇಶದ ಎಸ್ಕಾಂ ಬಿಲ್ಲೇ ಬರುತ್ತದೆಯಾದ್ದರಿಂದ ನಮಗಿದು ದೂರದ ಮಾತೆನಿಸಬಹುದು. ಆದರೆ ಮೊಬೈಲಿನಲ್ಲಿ ಇದನ್ನು ನಾವು ಕಂಡಿದ್ದೇವೆ. 2011ರ ಜನವರಿ 20ರಂದು ದೇಶಾದ್ಯಂತ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ಬಂದಾಗ, ಗ್ರಾಹಕನೇ ತನ್ನ ಫೋನಿನಿಂದ 1900ಕ್ಕೆ ಸಂದೇಶ ಕಳುಹಿಸಿ ಸಂಕೇತಾಕ್ಷರಗಳನ್ನು ಪಡೆಯಬೇಕೆಂದು ವಿಧಿಸಲಾಯಿತು. ಮೊದಲ ಹೆಜ್ಜೆ ಗ್ರಾಹಕನದು. ಅವನು ಸುಮ್ಮನಿದ್ದರೆ ಏನೂ ಬದಲಾಗದು.

ವಿದ್ಯುತ್ತಿಗೂ ಅಂತಹ ದಿನ ನಮ್ಮಲ್ಲಿ ಬಂದರೆ, ಬೆಲೆ ಎಷ್ಟು ಇಳಿಯುತ್ತದೆಂದು ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ, ನಾವು ಏನೂ ಹೇಳದಿದ್ದರೆ ನಿಯಮ ಅದಕ್ಕೆ ಏನೆಂದು ಅರ್ಥ ಮಾಡುತ್ತದೆ ಎಂಬುದನ್ನೂ ನೀವು ಕೇಳಿರಿ.